ತೂಕ ಇಳಿಸುವಾಗ ಎಷ್ಟು ಕೆಜಿ ಎತ್ತಬೇಕು, ಎಷ್ಟು ಸಲ (ರೆಪ್ಸ್)?

ನಮ್ಮ ಜಿಮ್‌ಗೆ ತೂಕ ಇಳಿಸಲು ಬರುವವರು ಮೊದಲು ಕೈ ಹಾಕುವುದೇ 2 ಕೆಜಿ ಡಂಬೆಲ್‌ಗೆ. ಸುಮ್ನೆ ಮೂವತ್ತು ಸಲ ಎತ್ತಿದರೆ ಬೊಜ್ಜು ಕರಗುತ್ತದೆ ಅಂತ ನಂಬಿಕೆ. ಬೊಜ್ಜು ಕರಗುವುದು ಮುಖ್ಯವಾಗಿ ಊಟದ ಲೆಕ್ಕದಿಂದ. ನಾನು ಭಾರ ಎತ್ತಿಸುವುದು ಇರುವ ಸ್ನಾಯು ಉಳಿಯಲಿ ಅಂತ.

8ರಿಂದ 12 ರೆಪ್ಸ್ ಮಾಡಿ ನಿಲ್ಲಿಸಿದಾಗ, ಇನ್ನೆರಡು ಮಾತ್ರ ಆಗುತ್ತಿತ್ತು ಅನ್ನಿಸಬೇಕು. ಇನ್ನೂ ಆರು ಆಗುತ್ತಿತ್ತಾ? ಹಗುರವಾಯ್ತು. ಐದನೆಯದಕ್ಕೇ ಬೆನ್ನು ಬಾಗುತ್ತಿದೆಯಾ? ಜಾಸ್ತಿಯಾಯ್ತು, ಇಳಿಸಿ. ಉದಾಹರಣೆಗೆ ಗಾಬ್ಲೆಟ್ ಸ್ಕ್ವಾಟ್ ತಗೊಳ್ಳಿ. ಡಂಬೆಲ್ ಎದೆಗೆ ಒತ್ತಿ ಹಿಡಿದು, ಹಿಮ್ಮಡಿ ಏಳದಂತೆ ಕೂತು ಏಳಬೇಕು. 10 ಕೆಜಿಯಲ್ಲಿ 3 ಸೆಟ್, ಒಂದು ಸೆಟ್ ಅಂದರೆ ನಡುವೆ ನಿಲ್ಲಿಸದೆ ಮಾಡುವ 8ರಿಂದ 12 ರೆಪ್ಸ್. ಮೂರರಲ್ಲೂ 12 ಬಂದ ಮೇಲೆ 12.5 ಕೆಜಿ ಹಿಡಿದು ಮತ್ತೆ 8ರಿಂದ ಶುರು. ಸೆಟ್‌ಗಳ ನಡುವೆ ಎರಡು ನಿಮಿಷ ಕೂತ್ಕೊಳ್ಳಿ. ಬೆವರು ಬರಲಿ ಅಂತ ಕುಣಿಯುವುದು ಬೇಡ.

ಊಟ ಕಡಿಮೆ ಮಾಡಿದಾಗ ಸುಸ್ತು ಸಹಜ, ಅಲ್ವಾ? ಆಗ ಮೂರು ಸೆಟ್ ಎರಡಾಗಲಿ, ಕೆಜಿ ಮಾತ್ರ ಹಾಗೇ ಇರಲಿ. ವಾರಕ್ಕೆ ಎರಡು ಮೂರು ದಿನ ಸಾಕು. ಮಂಡಿ ನೋವು, ಬಿಪಿ ಇರುವವರು ಮೊದಲು ಡಾಕ್ಟರನ್ನು ಕೇಳಿ. ಊಟದಲ್ಲಿ ಅನ್ನ ಕಡಿಮೆ ಮಾಡಿ, ಮೊಟ್ಟೆ, ಮೊಳಕೆಕಾಳು ಬಿಡಬೇಡಿ.