ಬಿಟ್‌ಕಾಯಿನ್ ನಿಯಮದ ವಾದ: ಮೊದಲು ಮಾಡಿ ನೋಡೋಣ

ಬಾಗಲಕೋಟೆಯ ನವನಗರದಲ್ಲಿ ನಾವು ಕೆಲವರು ಆಗಾಗ ಸೇರಿ ಬಿಟ್‌ಕಾಯಿನ್ ಪ್ರೋಟೊಕಾಲ್, ಅಂದರೆ ಅದು ನಡೆಯುವ ನಿಯಮಗಳ ಬದಲಾವಣೆಗಳ ಮೇಲೆ ವಾದ ಮಾಡುತ್ತೇವೆ. ರೇಟಿನ ಮಾತು ಅಲ್ಲಿ ಎತ್ತುವಂತಿಲ್ಲ. ನಾನು ಮನೆಯಲ್ಲೇ ಫುಲ್ ನೋಡ್, ಅಂದರೆ ಪ್ರತಿ ವಹಿವಾಟನ್ನೂ ತಾನೇ ತಪಾಸಣೆ ಮಾಡುವ ಕಂಪ್ಯೂಟರ್ ನಡೆಸುತ್ತೇನೆ: ಹಳೆ ಡೆಸ್ಕ್‌ಟಾಪ್, 2 ಟಿಬಿ ಎಸ್‌ಎಸ್‌ಡಿ, ಕರೆಂಟ್ ಹೋದರೆ ಇರಲೆಂದು ಯುಪಿಎಸ್. ನಿಯಮದ ಬಗ್ಗೆ ಮಾತಾಡುವವರು ಆ ನಿಯಮವನ್ನು ತಮ್ಮ ಮಷೀನಿನಲ್ಲೇ ತಪಾಸಣೆ ಮಾಡುವಂತಿರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

2025ರಲ್ಲಿ ಬಹಳ ಕಾವೇರಿದ್ದು ಓಪಿ-ರಿಟರ್ನ್ ವಿಷಯ. ವಹಿವಾಟಿನ ಜತೆ ಒಂದಿಷ್ಟು ಡೇಟಾ ಸೇರಿಸುವ ಜಾಗ ಅದು. ನೋಡ್ ನಡೆಸಲು ಹೆಚ್ಚಿನವರು ಬಳಸುವ ಬಿಟ್‌ಕಾಯಿನ್ ಕೋರ್ ಸಾಫ್ಟ್‌ವೇರ್‌ನಲ್ಲಿ ಅದರ ಡೀಫಾಲ್ಟ್ ಮಿತಿ 83 ಬೈಟ್ ಇತ್ತು. ಅಕ್ಟೋಬರ್‌ನಲ್ಲಿ ಬಂದ 30ನೇ ಆವೃತ್ತಿ ಅದನ್ನು 1,00,000 ಬೈಟ್‌ಗೆ ಏರಿಸಿತು.

“ಅಲ್ರೀ ಸರ್, ಕಂಡಕಂಡವರ ಫೋಟೊ ನಾವ್ಯಾಕ ಹೊರಬೇಕ್ರಿ? ಬಿಟ್‌ಕಾಯಿನ್ ಕಾನೂನನ್ನ ಬದಲಿ ಮಾಡಿಬಿಟ್ರಲ್ಲ!” ಅಂದ ಒಬ್ಬ ಇಂಜಿನಿಯರಿಂಗ್ ಹುಡುಗ. ಸಿಟ್ಟು ನ್ಯಾಯವಾದದ್ದೇ. ಆದರೆ ಬದಲಾಗಿದ್ದು ಕಾನೂನೇ?

“ತಡಿಯೋ ತಮ್ಮಾ, ಮಾಡೇ ನೋಡೂಣು” ಅಂದೆ. ಹಳೆ ಮಿತಿಯೇ ಇರುವ 29ನೇ ಆವೃತ್ತಿಯನ್ನು ರೆಜ್‌ಟೆಸ್ಟ್‌ನಲ್ಲಿ ತೆರೆದೆವು. ಅದು ನಮ್ಮ ಕಂಪ್ಯೂಟರ್ ಒಳಗೇ ನಡೆಯುವ ಪ್ರಯೋಗದ ಜಾಲ. ಬ್ಲಾಕ್ ಅಂದರೆ ವಹಿವಾಟುಗಳ ಕಂತೆ, ಅದನ್ನು ಕಟ್ಟಿ ಸರಪಳಿಗೆ ಸೇರಿಸುವುದೇ ಮೈನಿಂಗ್. ಮೊದಲ ಬ್ಲಾಕಿನ ನಾಣ್ಯ ಖರ್ಚಿಗೆ ಸಿಗಲು 101 ಬ್ಲಾಕ್ ಮೈನ್ ಮಾಡಬೇಕು, ಇಲ್ಲಿ ಅದು ಕ್ಷಣದ ಕೆಲಸ. ಆಮೇಲೆ ಓಪಿ-ರಿಟರ್ನ್‌ನಲ್ಲಿ 200 ಬೈಟ್ ಡೇಟಾ ಇಟ್ಟು ವಹಿವಾಟು ಕಟ್ಟಿ, ಸಹಿ ಹಾಕಿ ಕಳಿಸಿದೆವು. ನೋಡ್ ತಿರಸ್ಕರಿಸಿತು. ಅದೇ ವಹಿವಾಟನ್ನು ಜನರೇಟ್‌ಬ್ಲಾಕ್ ಕಮಾಂಡಿನಿಂದ ನೇರವಾಗಿ ಬ್ಲಾಕ್‌ಗೆ ಸೇರಿಸಿದೆವು. ಆಗ ಅದೇ ನೋಡ್ ತಕರಾರಿಲ್ಲದೆ ಒಪ್ಪಿಕೊಂಡಿತು!

ಹುಡುಗ ಸ್ಕ್ರೀನಿನ ಹತ್ತಿರ ಬಂದು ಎರಡೂ ಸಾಲು ಮತ್ತೆ ಓದಿದ. 83 ಬೈಟ್ ಎಂಬುದು ನಮ್ಮ ಮನೆ ಬಾಗಿಲ ಕಟ್ಟಳೆ, ಊರಿನ ಕಾನೂನಲ್ಲ. ಮೈನರ್ ಒಬ್ಬರು ನೇರವಾಗಿ ಬ್ಲಾಕ್‌ಗೆ ಹಾಕಿದರೆ ಹಳೆ ನೋಡ್ ಕೂಡ ಒಪ್ಪಲೇಬೇಕು.

ಇಷ್ಟು ಗೊತ್ತಾದ ಮೇಲೆ ವಾದ ಹದಕ್ಕೆ ಬಂತು. ಬ್ಲಾಕಿನ ಮಿತಿ 40 ಲಕ್ಷ ತೂಕದ ಘಟಕ. ಓಪಿ-ರಿಟರ್ನ್‌ನ ಒಂದು ಬೈಟ್ 4 ಘಟಕ ತಿನ್ನುತ್ತದೆ, ಸಹಿಗಳು ಕೂರುವ ವಿಟ್ನೆಸ್ ಭಾಗದ ಬೈಟ್ ಒಂದೇ ಘಟಕ. ಹಾಗಾಗಿ ಚಿತ್ರ ತುರುಕುವವರಿಗೆ ವಿಟ್ನೆಸ್ ಭಾಗವೇ ಅಗ್ಗ. ಇನ್ನು ಕೆಲವರು ಡೇಟಾವನ್ನು ನಕಲಿ ವಿಳಾಸಗಳಾಗಿ ಅಡಗಿಸುತ್ತಾರೆ. ಅವು ಪ್ರತಿ ನೋಡ್ ಇಟ್ಟುಕೊಳ್ಳುವ, ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿಯಲ್ಲಿ ಶಾಶ್ವತವಾಗಿ ಕೂರುತ್ತವೆ. ಓಪಿ-ರಿಟರ್ನ್ ಆ ಪಟ್ಟಿಗೆ ಸೇರುವುದೇ ಇಲ್ಲ. ಮಿತಿ ಏರಿಸಿದ್ದು ಸರಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. “ಕಟ್ಟಳಿ ಅಂದ್ರೂ ಕಟ್ಟಳೀನೇ ಅಲ್ರೀ? ನನ್ನ ನೋಡ್‌ನ್ಯಾಗ ನಾ ಏನ್ ಹರಿಬಿಡ್ಬೇಕು ಅನ್ನೂದು ನಾನs ಹೇಳ್ಬೇಕು” ಅಂದ. ಅದು ಅವನ ಹಕ್ಕು, ನಾನು ಪೂರ್ತಿ ಒಪ್ಪುತ್ತೇನೆ. ಅವನು ಇಂಥ ಡೇಟಾಗೆ ಬಿಗಿ ಮಿತಿ ಇಡುವ ಬಿಟ್‌ಕಾಯಿನ್ ನಾಟ್ಸ್ ಎಂಬ ಬೇರೆ ಸಾಫ್ಟ್‌ವೇರ್ ಹಾಕಿಕೊಂಡ, ನಾನು ಕೋರ್ 30ಕ್ಕೆ ಹೋದೆ. ಇಬ್ಬರ ನೋಡ್‌ನಲ್ಲೂ ಕೊನೆಯ ಬ್ಲಾಕಿನ ಹ್ಯಾಶ್ (ಅದರ ಬೆರಳಚ್ಚಿನಂಥ ಗುರುತು) ತೆಗೆದು ಅಕ್ಷರಕ್ಷರ ಹೋಲಿಸಿದೆವು. ಸರಪಳಿ ಒಂದೇ.

ಇಂಥ ಡೇಟಾವನ್ನು ಒಮ್ಮತದ ನಿಯಮದಲ್ಲೇ, ಅಂದರೆ ಊರಿನ ಕಾನೂನಿನಲ್ಲೇ ತಡೆಯುವ ಸಾಫ್ಟ್ ಫೋರ್ಕ್ (ನಿಯಮ ಬಿಗಿಗೊಳಿಸುವ ಬದಲಾವಣೆ) ಬೇಕು ಎಂಬುದು ಈಗ ಅವನ ವಾದ. ಇದು ಬೇರೆ ತೂಕದ ಮಾತು. 2017ರ ಆಗಸ್ಟ್ 1ರಂದು ಬ್ಲಾಕ್ ಗಾತ್ರದ ಜಗಳದಲ್ಲಿ ಬಿಟ್‌ಕಾಯಿನ್ ಕ್ಯಾಶ್ ಬೇರೆ ಸರಪಳಿಯಾಯಿತು; 2021ರ ಟ್ಯಾಪ್‌ರೂಟ್ ಎಂಬ ಸಾಫ್ಟ್ ಫೋರ್ಕ್ ಮಾತ್ರ ಮೈನರ್‌ಗಳ ಶೇ. 90 ಸಂಕೇತ ಸಿಕ್ಕ ಮೇಲೆ ಒಡಕಿಲ್ಲದೆ ಜಾರಿಯಾಯಿತು. ಅವನ ನಿಯಮಕ್ಕೆ ಅಷ್ಟು ಬೆಂಬಲ ಎಲ್ಲಿಂದ ಬರುತ್ತದೆ, ಬಾರದಿದ್ದರೆ ಯಾರ ನೋಡ್ ಯಾವ ಸರಪಳಿಯಲ್ಲಿ ಉಳಿಯುತ್ತದೆ ಎಂದು ಕೇಳಿದ್ದೇನೆ. ರೆಜ್‌ಟೆಸ್ಟ್‌ನಲ್ಲಿ ಎರಡು ನೋಡ್ ಜೋಡಿಸಿ ತೋರಿಸುತ್ತೇನೆ ಎಂದಿದ್ದಾನೆ.