ಪಾಸ್ ಕೊಟ್ಟ ಮೇಲೆ ಓಡಿ: ಒಂದೇ ರಿಂಗ್‌ನಲ್ಲಿ ಬಾಸ್ಕೆಟ್‌ಬಾಲ್ ಕಲಿಸುವುದು ಹೇಗೆ?

ಮಾಟುಂಗದಲ್ಲಿ ಭಾನುವಾರ ಬೆಳಿಗ್ಗೆ ನಾನು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹೆಚ್ಚಿನವರು ನಮ್ಮ ಕನ್ನಡದ ಮನೆಗಳ ಮಕ್ಕಳು. ಹತ್ತು ಜನ, ಒಂದೇ ರಿಂಗ್, ಒಂದೂವರೆ ಗಂಟೆ. ಮುಂಬೈಯಲ್ಲಿ ಇಷ್ಟು ಜಾಗ ಸಿಕ್ಕಿದ್ದೇ ಪುಣ್ಯ. ನಿಮ್ಮ ಸೊಸೈಟಿಯಲ್ಲೂ ಒಂದು ರಿಂಗ್ ಇದ್ದರೆ, ಈ ಆಟ ಕಲಿಸಲು ಅಷ್ಟೇ ಸಾಕು.

ಮೊದಲ ವರ್ಷ ನಾನು ಬರೀ ಶೂಟಿಂಗ್ ಕಲಿಸಿದೆ. ಮ್ಯಾಚ್‌ನಲ್ಲಿ ಏನಾಯಿತು ಗೊತ್ತಾ? ಹನ್ನೆರಡು ವರ್ಷದ ಹುಡುಗಿಯೊಬ್ಬಳು ಚೆನ್ನಾಗಿಯೇ ಪಾಸ್ ಕೊಟ್ಟಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟು ಚೆಂಡನ್ನೇ ನೋಡುತ್ತಾ ನಿಂತಳು. ಉಳಿದವರೂ ಹಾಗೆಯೇ. ಇಲ್ಲಿನ ಶಾಲೆಗಳಲ್ಲಿ ಖೋ ಖೋ ಆಡಿದ ಮಕ್ಕಳು ಅವರು. ಅಲ್ಲಿ ಖೋ ಕೊಟ್ಟವರು ಕೂರುತ್ತಾರೆ. ಇಲ್ಲಿ ಪಾಸ್ ಕೊಟ್ಟವರು ಓಡಬೇಕು. ಅವತ್ತಿನಿಂದ ನನ್ನ ಪಾಠ ಇಲ್ಲಿಂದಲೇ ಶುರು.

ಮೊದಲು ಸೀಮೆಸುಣ್ಣದಿಂದ ಐದು ಗುರುತು ಹಾಕಿ. ರಿಂಗ್‌ಗೆ ಎದುರಾಗಿ ನಡುವೆ ಒಂದು, ಎಡ ಬಲ ಪಕ್ಕದಲ್ಲಿ ಒಂದೊಂದು, ಎರಡು ಮೂಲೆಗಳಲ್ಲಿ ಒಂದೊಂದು. ದೊಡ್ಡವರ ಆಟದಲ್ಲಿ ಇವು 6.75 ಮೀಟರ್‌ನ ಮೂರು ಪಾಯಿಂಟ್ ಗೆರೆಯ ಹೊರಗೆ ಬರುತ್ತವೆ. ಚಿಕ್ಕವರಿಗೆ ಎರಡು ಹೆಜ್ಜೆ ಒಳಗೆ ಹಾಕಿದರೂ ಪರವಾಗಿಲ್ಲ. ರಿಂಗ್‌ನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು. ಆ ಜಾಗ ಖಾಲಿ ಇದ್ದರೆ ತಾನೇ ನುಗ್ಗಲು ಆಗುವುದು?

ಈಗ ನಡುವಿನವಳು ಬಲಗಡೆಗೆ ಪಾಸ್ ಕೊಡಲಿ. ಕೊಟ್ಟ ತಕ್ಷಣ ಎಡಕ್ಕೆ ಎರಡು ಹೆಜ್ಜೆ ಇಡಲಿ. ಎದುರಾಳಿ ಅವಳ ಜೊತೆ ಎಡಕ್ಕೆ ವಾಲುತ್ತಾಳೆ, ಅಲ್ವಾ? ಆಗ ದಿಕ್ಕು ಬದಲಿಸಿ, ಎದುರಾಳಿಗೂ ಚೆಂಡಿಗೂ ನಡುವೆ ನುಗ್ಗಿ ರಿಂಗ್ ಕಡೆ ಓಡಬೇಕು. ಇದೇ ಕಟ್. ಓಡುವಾಗ ಕೈ ಮುಂದೆ ಇರಲಿ, ಕಣ್ಣು ಚೆಂಡಿನ ಮೇಲಿರಲಿ. ಚೆಂಡು ಬಂದರೆ ಲೇಅಪ್, ಅಂದರೆ ಓಡುತ್ತಲೇ ರಿಂಗ್ ಹತ್ತಿರ ಹಾರಿ ಚೆಂಡು ಹಾಕುವುದು. ಬರದಿದ್ದರೆ ರಿಂಗ್ ಕೆಳಗೆ ನಿಲ್ಲದೆ ಎಡ ಮೂಲೆಗೆ ಹೋಗಬೇಕು. ಎಡ ಮೂಲೆಯವಳು ಎಡ ಪಕ್ಕಕ್ಕೆ, ಎಡ ಪಕ್ಕದವಳು ನಡುವಿಗೆ ಬರಬೇಕು. ಮತ್ತೆ ಐದು ಗುರುತೂ ತುಂಬಿದವು. ಮತ್ತೆ ಪಾಸ್, ಮತ್ತೆ ಕಟ್.

ಇದನ್ನು ಮೊದಲು ಎದುರಾಳಿ ಇಲ್ಲದೆ, ನಡೆದುಕೊಂಡೇ ಮಾಡಿಸಿ. ಅವಸರ ಬೇಡ. ನಮ್ಮ ಮಕ್ಕಳಿಗೆ ಎರಡು ಭಾನುವಾರ ಹಿಡಿಯಿತು.

ಆಮೇಲೆ ಮೂವರಿಗೆ ಮೂವರನ್ನು ಬಿಡಿ. ಒಂದೇ ನಿಯಮ: ಡ್ರಿಬಲ್, ಅಂದರೆ ಚೆಂಡು ಪುಟಿಸುತ್ತಾ ಓಡುವುದು, ಬಂದ್. ನನಗೆ ತುಂಬಾ ಇಷ್ಟವಾದ ಅಭ್ಯಾಸ ಇದು. ಡ್ರಿಬಲ್ ಇಲ್ಲ ಎಂದ ಕೂಡಲೇ ಚೆಂಡು ಹಿಡಿದವರಿಗೆ ಉಳಿದಿಬ್ಬರು ಬೇಕಾಗುತ್ತಾರೆ, ಆ ಇಬ್ಬರೂ ತಾವಾಗಿಯೇ ಓಡತೊಡಗುತ್ತಾರೆ. ಎದುರಾಳಿ ಪಾಸ್ ಬರುವ ದಾರಿಗೇ ಅಡ್ಡ ನಿಂತರೆ ಅವರ ಬೆನ್ನ ಹಿಂದಿನಿಂದ ರಿಂಗ್‌ಗೆ ಓಡಲು ಹೇಳಿ. ಹೊರಗೆ ಕೂತವರು 24ರಿಂದ ಕೆಳಗೆ ಜೋರಾಗಿ ಎಣಿಸಲಿ. ಮ್ಯಾಚ್‌ನಲ್ಲಿ ಶಾಟ್ ಹಾಕಲು ಸಿಗುವುದು 24 ಸೆಕೆಂಡ್.

ಟಿವಿ ನೋಡಿದ ಮಕ್ಕಳು "ಸರ್, ಪಿಕ್ ಆ್ಯಂಡ್ ರೋಲ್ ಯಾವಾಗ?" ಎಂದು ಕೇಳುತ್ತಾರೆ. ಒಬ್ಬರು ಎದುರಾಳಿಗೆ ಅಡ್ಡ ನಿಂತು ಜೊತೆಗಾರರಿಗೆ ದಾರಿ ಮಾಡಿಕೊಟ್ಟು, ತಾವೂ ರಿಂಗ್ ಕಡೆ ತಿರುಗಿ ಓಡುವ ಆಟ ಅದು. ನನ್ನ ಪ್ರಕಾರ ಕಟ್ ಚೆನ್ನಾಗಿ ಬಂದ ಮೇಲೆಯೇ ಅದು. ಅಮೆರಿಕದ ಕೋಚ್ ಫಿಲ್ ಜಾಕ್ಸನ್ ಅಲ್ಲಿನ ಎನ್‌ಬಿಎ ಲೀಗ್‌ನಲ್ಲಿ ಶಿಕಾಗೊ ಬುಲ್ಸ್ ತಂಡಕ್ಕೆ 6, ಲೇಕರ್ಸ್ ತಂಡಕ್ಕೆ 5 ಸಲ ಪ್ರಶಸ್ತಿ ತಂದದ್ದು ಟ್ರಯಾಂಗಲ್ ಪದ್ಧತಿಯಿಂದ, ಅಂದರೆ ಮೂವರು ತ್ರಿಕೋನದಂತೆ ನಿಂತು ಆಡುವ ಪದ್ಧತಿಯಿಂದ. ಅದರಲ್ಲೂ ಚೆಂಡಿಲ್ಲದವರು ಎದುರಾಳಿಯನ್ನು ನೋಡಿ ಜಾಗ ಬದಲಿಸುವುದೇ ಮುಖ್ಯ. ಇಲ್ಲೇ ಮುಂಬೈಯ ನಾಗಪಾಡಾದಲ್ಲಿ ಮ್ಯಾಚ್ ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಚೆಂಡು ಬಿಟ್ಟು, ಪಾಸ್ ಕೊಟ್ಟವರ ಕಾಲು ನೋಡಲು ಹೇಳಿ.

ಒಂದೂವರೆ ಗಂಟೆಯನ್ನು ನಾನು ಹಂಚುವುದು ಹೀಗೆ: 10 ನಿಮಿಷ ಮೈ ಬಿಸಿ, 15 ನಿಮಿಷ ಲೇಅಪ್, 30 ನಿಮಿಷ ಕಟ್, 25 ನಿಮಿಷ ಮೂವರ ಆಟ. ಕೊನೆಯ 10 ನಿಮಿಷ ಫ್ರೀ ಥ್ರೋ (ಯಾರೂ ಅಡ್ಡ ಬಾರದೆ ಗೆರೆಯ ಹಿಂದೆ ನಿಂತು ಹಾಕುವ ಶಾಟ್), ಒಬ್ಬೊಬ್ಬರಿಗೆ ಎರಡೆರಡು. ಸುಸ್ತಾದಾಗಲೇ ಹಾಕಿಸಿ. ಮ್ಯಾಚ್‌ನಲ್ಲೂ ಏದುಸಿರು ಬಿಡುತ್ತಲೇ ಹಾಕಬೇಕಲ್ಲ.

ಜೂನ್ ಬಂತೆಂದರೆ ಸಿಮೆಂಟ್ ನೆಲ ಜಾರುತ್ತದೆ. ಒದ್ದೆ ನೆಲದಲ್ಲಿ ದಯವಿಟ್ಟು ಆಡಿಸಬೇಡಿ, ಕಾಲು ಉಳುಕುತ್ತದೆ. ಸೊಸೈಟಿ ಹಾಲ್‌ನಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಇಡಿ, ಅವೇ ಎದುರಾಳಿಗಳು. ಎಡಕ್ಕೆ ಎರಡು ಹೆಜ್ಜೆ, ತಿರುಗಿ ಕುರ್ಚಿಯ ಮುಂದಿನಿಂದ ಓಟ. ಚೆಂಡು ಬೇಡವೇ ಬೇಡ. ಮಳೆ ನಿಲ್ಲುವವರೆಗೆ ಕಾಲಿಗೆ ಮಾತ್ರ ಕೆಲಸ ಕೊಡಿ.