ಡಿಸೆಂಬರಿನಲ್ಲಿ ಮನೆ ನೋಡಬೇಡಿ

ಹೊರದೇಶದಿಂದ ಊರಿಗೆ ವಾಪಸಾಗುವ ಯೋಚನೆಯಿರುವವರೆಲ್ಲ ಕ್ರಿಸ್‌ಮಸ್ ರಜೆಗೆ ಬಂದಾಗಲೇ ಮನೆ ನೋಡುತ್ತಾರೆ. ನಾವೂ ನೋಡಿದ್ದೆವು, 2023ರ ಡಿಸೆಂಬರಿನಲ್ಲಿ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸ್ವಲ್ಪ ಒಳಗೆ ಒಂದು ಹಂಚಿನ ಮನೆ. ಅಂಗಳದ ತುಂಬ ಒಣಹಾಕಿದ ಅಡಿಕೆ, ಹದವಾದ ಬಿಸಿಲು, ಹಿಂದೆ ಎರಡು ಎಕರೆ ತೋಟ. ಎಂಬತ್ತು ಚಿಲ್ಲರೆ ಲಕ್ಷ ಹೇಳಿದರು. ಅಲ್ಲೇ ಕಾಫಿ ಕುಡಿದು ಎರಡು ಲಕ್ಷ ಅಡ್ವಾನ್ಸ್ ಕೊಟ್ಟುಬಿಟ್ಟೆ. ಡಬ್ಲಿನ್‌ನಲ್ಲಿ ಒಂದು ಜಾಕೆಟ್ ಕೊಳ್ಳಲು ಮೂರು ಅಂಗಡಿ ಸುತ್ತುತ್ತಿದ್ದವನು ನಾನು.

ವಾಪಸ್ ಹೋದಮೇಲೆ ಶಿವಮೊಗ್ಗದ ವಕೀಲರೊಬ್ಬರಿಗೆ ಪಹಣಿ ಕಳಿಸಿದೆ. ಅವರು ಫೋನಿನಲ್ಲೇ ನಕ್ಕರು. ಮನೆ ನಿಂತಿದ್ದು ಕನ್ವರ್ಷನ್, ಅಂದರೆ ವಾಸದ ಬಳಕೆಗೆ ಪರಿವರ್ತನೆ, ಆಗದ ಕೃಷಿ ಜಮೀನಿನಲ್ಲಿ. ಎನ್‌ಆರ್‌ಐ ಆಗಿರುವಷ್ಟು ದಿನ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಯಾವುದನ್ನೂ ನಾನು ಕೊಳ್ಳುವ ಹಾಗಿಲ್ಲ. ಹೆಂಡತಿ ಐರಿಶ್ ಪಾಸ್‌ಪೋರ್ಟ್ ತಗೊಂಡು ಓಸಿಐ (ಭಾರತ ಮೂಲದ ವಿದೇಶಿ ಪ್ರಜೆ) ಆದವಳು, ಅವಳ ಹೆಸರು ಜಂಟಿಯಾಗಿ ಸೇರಿಸುವುದಂತೂ ದೂರದ ಮಾತು. ಪಿತ್ರಾರ್ಜಿತವಾಗಿ ಬಂದರೆ ಬೇರೆ, ದುಡ್ಡು ಕೊಟ್ಟು ಕೊಳ್ಳುವುದೇ ಬೇರೆ. ಸಾಲದ್ದಕ್ಕೆ ಕೊಟ್ಟಿಗೆ, ಬಚ್ಚಲು ಇದ್ದದ್ದು ಒತ್ತುವರಿ ಜಾಗದಲ್ಲಿ. "ನನ್ನ ಹೆಸರಲ್ಲಿ ತಗೊ, ಆಮೇಲೆ ನೋಡಿಕೊಂಡರಾಯ್ತು" ಅಂದ ಭಾವ. ಬೇನಾಮಿ ಕಾಯ್ದೆ ಅಂತ ಒಂದಿದೆ ಭಾವ ಅಂದಿದ್ದಕ್ಕೆ ಎರಡು ತಿಂಗಳು ಮಾತು ಬಿಟ್ಟ. ಕೊಟ್ಟ ಅಡ್ವಾನ್ಸಿನಲ್ಲಿ ಒಂದೂಕಾಲು ಲಕ್ಷ ವಾಪಸ್ ಬಂತು. ಉಳಿದದ್ದು ಬ್ರೋಕರ್ ಖರ್ಚಂತೆ.

ಆಗಲೇ ನಿರ್ಧಾರ ಮಾಡಿದ್ದು: ಜೂನ್‌ನಲ್ಲಿ ಬರಬೇಕು, ಹನ್ನೊಂದು ತಿಂಗಳ ಬಾಡಿಗೆ ಕರಾರು ಮಾಡಿಕೊಳ್ಳಬೇಕು, ಅದು ಮುಗಿಯುವವರೆಗೆ ಯಾರಿಗೂ ಒಂದು ರೂಪಾಯಿ ಅಡ್ವಾನ್ಸ್ ಕೊಡಬಾರದು. ಜೂನ್‌ನಿಂದ ಏಪ್ರಿಲ್ ಕೊನೆವರೆಗೆ ಅಂದರೆ ಆರಿದ್ರಾ, ಪುಷ್ಯ, ಆಶ್ಲೇಷ ಮಳೆಗಳೂ ಸಿಕ್ಕವು, ಬಾವಿ ತಳ ಕಾಣುವ ಬೇಸಿಗೆಯೂ ಸಿಕ್ಕಿತು. ಶಿವಮೊಗ್ಗದಲ್ಲಿ ಒಂದು ಮನೆ, ತಿಂಗಳಿಗೆ ಹದಿನಾಲ್ಕು ಸಾವಿರ. ತೀರ್ಥಹಳ್ಳಿಯಲ್ಲಿ ಇನ್ನೊಂದು ಚಿಕ್ಕದು, ಎಂಟೂವರೆ. ಎರಡೆರಡು ಬಾಡಿಗೆ ಅಂತ ಮನೆಯವರೆಲ್ಲ ಆಡಿಕೊಂಡರು. ಐರ್ಲೆಂಡಿನಲ್ಲಿ ತಲೆಗೆ ಥಂಡಿ ಹತ್ತಿರಬೇಕು ಅಂತ ದೊಡ್ಡಪ್ಪ ಮದುವೆಮನೆಯಲ್ಲಿ ಎಲ್ಲರೆದುರಿಗೇ ಅಂದರು. ನಾನು ಹುಟ್ಟಿದ್ದು ಇಲ್ಲೇ, ನಿಜ. ಆದರೆ ಹನ್ನೊಂದು ವರ್ಷದ ಮಗಳಿಗೆ, ಏಳು ವರ್ಷದ ಮಗನಿಗೆ ಇದು ಪರದೇಶವೇ. ಕರೆಂಟು ಹೋದ ಮೊದಲ ರಾತ್ರಿ ಮಗ, ಇದನ್ನು ಯಾರಿಗೆ ರಿಪೋರ್ಟ್ ಮಾಡಬೇಕು ಅಂತ ಕೇಳಿದ.

ಮಳೆ ನಮಗೇನು ಹೊಸದಲ್ಲ ಅಂದುಕೊಂಡು ಬಂದಿದ್ದೆವು. ಡಬ್ಲಿನ್‌ನಲ್ಲಿ ವರ್ಷಪೂರ್ತಿ ಬೀಳುವುದು ಹೆಚ್ಚುಕಡಿಮೆ 750 ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಮಳೆಗೆ ಜುಲೈನ ಒಂದೆರಡು ವಾರ ಸಾಕು, ವರ್ಷದ ಲೆಕ್ಕ 7000 ದಾಟುತ್ತದೆ. 2024ರ ಜುಲೈಯಲ್ಲಿ ಶಾಲೆಗಳಿಗೆ ಮೇಲಿಂದ ಮೇಲೆ ರಜೆ ಕೊಟ್ಟರು. ಒಂದೊಂದು ರಜೆಯನ್ನೂ ನಾನು ಮನೆ ನೋಡಲು ಬಳಸಿಕೊಂಡೆ. ಗಾಜನೂರು ದಾಟಿದರೆ ಮಳೆಯ ದನಿಯೇ ಬೇರೆಯಾಗುತ್ತದೆ. ಶಿವಮೊಗ್ಗದಲ್ಲಿ ಕೊಡೆ ಸಾಕು ಅನ್ನಿಸಿದ ದಿನ ಮಂಡಗದ್ದೆಯಲ್ಲಿ ವೈಪರ್ ಸೋಲುತ್ತಿತ್ತು. ತೀರ್ಥಹಳ್ಳಿ ಸೇತುವೆ ಮೇಲೆ ಜನ ನಿಂತು, ಹೊಳೆಯ ರಾಮಮಂಟಪ ಎಷ್ಟು ಮುಳುಗಿದೆ ನೋಡುತ್ತಿದ್ದರೆ, ನಾನು ಮಾರಾಟಕ್ಕಿದ್ದ ಮನೆಗಳ ಹಿತ್ತಲಿಗೆ ಹೋಗಿ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ, ನೋಡುತ್ತಿದ್ದೆ. ಗುಡ್ಡ ಕಡಿದು ಮನೆ ಕಟ್ಟಿದ ಕಡೆ ಹಿಂದಿನ ಧರೆಯೇ ಎಲ್ಲ. ಅದರಿಂದ ಒಸರುವ ನೀರು ಕೆಂಪಗಿದ್ದರೆ ಮಣ್ಣು ಜಾರುತ್ತಿರಬಹುದು ಅಂತ ಲೆಕ್ಕ. ನಾನು ಅಡ್ವಾನ್ಸ್ ಕೊಟ್ಟಿದ್ದ ಆ ಹಂಚಿನ ಮನೆಯ ಧರೆ ಅದೇ ಪುಷ್ಯ ಮಳೆಯಲ್ಲಿ ಅಡುಗೆಮನೆ ಮೇಲೆ ಕೂತಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ದೊಡ್ಡಪ್ಪ ಆಮೇಲೆ ಥಂಡಿಯ ಮಾತು ಎತ್ತಲಿಲ್ಲ.

ನನ್ನ ಉಪ್ಪಿನ ಪ್ರಯೋಗದ ವಿಷಯ ಊರಲ್ಲಿ ಈಗಾಗಲೇ ತಮಾಷೆಯಾಗಿದೆ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಗೋಡೆಗೆ ಹೊಸ ಪೇಂಟ್ ಹೊಡೆದಿದ್ದರೆ ಥಂಡಿ ಎಷ್ಟಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅಗಲವಾದ ತಟ್ಟೆಯಲ್ಲಿ ನೂರು ಗ್ರಾಂ ಕಲ್ಲುಪ್ಪು ಹರಡಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟು, ಮಾರನೇ ದಿನ ಅಡುಗೆ ತಕ್ಕಡಿಯಲ್ಲಿ ತೂಗುತ್ತಿದ್ದೆ. ಹೊರಗಿನ ಜಗುಲಿಯಲ್ಲಿ ಇನ್ನೊಂದು ತಟ್ಟೆ, ಹೋಲಿಸಲು. ಒಂದು ಹೊಸ ಸಿಮೆಂಟ್ ಬ್ಲಾಕ್ ಮನೆಯಲ್ಲಿ ಒಳಗಿನ ತಟ್ಟೆ ಹೊರಗಿನದಕ್ಕಿಂತ ಭಾರವಾಯಿತು. ಹನ್ನೊಂದೋ ಹನ್ನೆರಡೋ ಗ್ರಾಂ ಏರಿತ್ತು, ತಳದಲ್ಲಿ ನೀರು ನಿಂತಿತ್ತು. ಹಳೇ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಯ ಮನೆಯೊಂದರಲ್ಲಿ ಮೂರು ಗ್ರಾಂ. ಜಂಬಿಟ್ಟಿಗೆಯ ಗುಣ ಅಂತ ನಾನು ಖುಷಿಪಟ್ಟೆ. ಆಮೇಲೆ ನೋಡಿದರೆ ಪಕ್ಕದ ಬಚ್ಚಲಲ್ಲಿ ಹಂಡೆ ಒಲೆ ದಿನವಿಡೀ ಉರಿಯುತ್ತಿತ್ತು! ಒಲೆ ಆರಿಸಿ ಇನ್ನೊಮ್ಮೆ ಇಡಬೇಕಾಯಿತು, ಆಗ ಆರು ಬಂತು. ಆ ಮನೆಯ ಅಜ್ಜಿ ತಟ್ಟೆ ನೋಡಿ, "ಉಪ್ಪು ಇಟ್ಟು ಏನು ಮಾಟ ಮಾಡ್ತಿದ್ದೀಯಾ ಮಾರಾಯ" ಅಂತ ಕೇಳಿದರು. ದೃಷ್ಟಿ ತೆಗೀತಿದ್ದೀನಿ ಅಜ್ಜಿ ಅಂದೆ. ಒಪ್ಪಿದರು.

ಕರೆಂಟಿನ ಲೆಕ್ಕಕ್ಕೆ ಎರಡೂ ಬಾಡಿಗೆ ಮನೆಗಳಲ್ಲಿ ಹಳೇ ಫೋನ್ ಚಾರ್ಜರಿಗೆ ಹಾಕಿಟ್ಟು, ಚಾರ್ಜ್ ನಿಂತ ಹೊತ್ತು ಬರೆದುಕೊಳ್ಳುವ ಆ್ಯಪ್ ಹಾಕಿದ್ದೆ. ಜುಲೈನ ಒಂದು ವಾರ ತೀರ್ಥಹಳ್ಳಿಯಲ್ಲಿ ಮೂವತ್ತು ಗಂಟೆ ಮೇಲೆ ಹೋಯಿತು, ಶಿವಮೊಗ್ಗದಲ್ಲಿ ನಾಲ್ಕೋ ಐದೋ. ಮೂರು ಕಿಲೋಮೀಟರ್ ಹಳ್ಳಿಯೊಳಗೆ ಹೋದರೆ ಲೆಕ್ಕ ಇಡುವುದೇ ದಂಡ. ಮನೆಯಿಂದ ಕೆಲಸ ಮಾಡುವ ನನಗೆ ಇದರಿಂದಲೇ ಹಳ್ಳಿಗಳೆಲ್ಲ ಪಟ್ಟಿಯಿಂದ ಹೊರಬಿದ್ದವು. ಇನ್‌ವರ್ಟರ್, ಸೋಲಾರ್ ಅಂತ ನನಗೆ ಪಾಠ ಹೇಳಬೇಡಿ, ಸೂರ್ಯನೂ ರಜೆ ಹಾಕಿದ್ದ.

ಸಾಗರದಲ್ಲಿ ಎರಡು ವಾರ ಇದ್ದೆವು. ಊರು ಚೆಂದ, ಬೆಂಗಳೂರಿಗೆ ರೈಲಿದೆ. ಆದರೆ ಅತ್ತೆ ಇರುವುದು ಕೊಪ್ಪದಲ್ಲಿ, ಸಾಗರದಿಂದ ದೂರ. ಅಲ್ಲಿಗೆ ಮಾತು ಮುಗಿಯಿತು.

ಆಸ್ಪತ್ರೆಯ ದಾರಿ ಹಗಲು ಹೊತ್ತಿನಲ್ಲಿ ನೋಡಿ ಉಪಯೋಗವಿಲ್ಲ. ಆಗಸ್ಟಿನ ಒಂದು ರಾತ್ರಿ ಹನ್ನೊಂದಕ್ಕೆ, ಯಾರಿಗೂ ಏನೂ ಆಗದಿದ್ದರೂ, ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕಾರು ಬಿಟ್ಟೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು, ಮಂಜು, ಒಂದು ಕಡೆ ಬಿದ್ದ ಮರ. ಎರಡೂಮುಕ್ಕಾಲು ಗಂಟೆ. ಇನ್ನೊಂದು ರಾತ್ರಿ ಶಿವಮೊಗ್ಗಕ್ಕೆ, ಅರವತ್ತು ಕಿಲೋಮೀಟರ್, ಒಂದೂಕಾಲು ಗಂಟೆ. ಹೆಂಡತಿ ನನ್ನ ತಲೆ ಪೂರ್ತಿ ಕೆಟ್ಟಿದೆ ಅಂದಳು, ಆದರೆ ಎರಡನೇ ಸಲ ಅವಳೂ ಬಂದಳು. ಬೇಸಿಗೆಯಲ್ಲಿ ಮಂಗನ ಕಾಯಿಲೆ ವಿಚಾರಿಸಿದೆ. ಮಕ್ಕಳನ್ನು ಕಾಡಂಚಿನ ಮನೆಗೆ ಕರೆದೊಯ್ಯುವವರು ಆಯಾ ಊರಿನ ಆಶಾ ಕಾರ್ಯಕರ್ತೆಯನ್ನೇ ಕೇಳಿ: ಮಂಗ ಸತ್ತಿದ್ದೆಲ್ಲಿ, ಉಣ್ಣೆ ಹುಳ ಕಚ್ಚದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಹಂಚಿದ್ದು ಯಾವ ಮನೆಗಳಿಗೆ ಅಂತ ಅವರಿಗೆ ಬಾಯಿಪಾಠ. ಬ್ರೋಕರ್ ಬಾಯಿಂದ ಇದು ಬರುವುದಿಲ್ಲ.

ಕೊನೆಗೆ ತಗೊಂಡಿದ್ದು ಉಪ್ಪಿನ ಅಜ್ಜಿಯ ಮನೆಯನ್ನೇ. ತೀರ್ಥಹಳ್ಳಿ ಪಟ್ಟಣದ ವ್ಯಾಪ್ತಿಯಲ್ಲಿ, ದಿಬ್ಬದ ಮೇಲೆ, ಹಿಂದೆ ಧರೆ ಇಲ್ಲ, ಕನ್ವರ್ಷನ್ ಆಗಿದೆ, ಇ-ಖಾತೆ (ಆಸ್ತಿಯ ಡಿಜಿಟಲ್ ದಾಖಲೆ) ಇದೆ. ಇ-ಖಾತೆ ಇಲ್ಲದಿದ್ದರೆ ಈಗ ನೋಂದಣಿಯೇ ಆಗುವುದಿಲ್ಲವಲ್ಲ. ವಾಸದ ಮನೆಯಾದ್ದರಿಂದ ಹೆಂಡತಿಯ ಹೆಸರೂ ಬಂತು. ಏಪ್ರಿಲ್ ಕೊನೆಯಲ್ಲಿ ಬಾವಿಗೆ ಗಂಟು ಹಾಕಿದ ಹಗ್ಗ ಇಳಿಸಿ ನೋಡಿದೆ, ಏಳಡಿ ನೀರಿತ್ತು. ಎಪ್ಪತ್ತೆರಡು ಹೇಳಿದ್ದು ಅರವತ್ತೆರಡಕ್ಕೆ ನಿಂತಿತು. ಹತ್ತು ಲಕ್ಷ ಹೇಗೆ ಇಳಿಸಿದೆ ಅಂತ ಭಾವನಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಜುಲೈಯಲ್ಲಿ ತೆಗೆದ ಫೋಟೋಗಳು ಏಪ್ರಿಲ್‌ನಲ್ಲಿ ಕೆಲಸಕ್ಕೆ ಬಂದವು ಅಂತ ಮಾತ್ರ ತಿಳಿಯಿರಿ.

ನಾನು ಮತ್ತೆ ಎಡವುತ್ತಿದ್ದದ್ದು ತೆರಿಗೆಯಲ್ಲಿ. ಮನೆ ಅಜ್ಜಿ ಮತ್ತು ಮಗನ ಹೆಸರಲ್ಲಿ ಅರ್ಧರ್ಧ, ಮಗ ಇರುವುದು ಅಮೆರಿಕದಲ್ಲಿ. ಬ್ರೋಕರ್ ಒಂದು ಪರ್ಸೆಂಟ್ ಟಿಡಿಎಸ್ (ಮಾರುವವರಿಗೆ ಕೊಡುವ ದುಡ್ಡಿನಲ್ಲೇ ಹಿಡಿದು ಕಟ್ಟುವ ತೆರಿಗೆ) ಕಟ್ಟಿ ಸಾಕು, ಎಲ್ಲರೂ ಹಾಗೇ ಮಾಡ್ತಾರೆ ಅಂದ. ಅದು ಅಜ್ಜಿಯ ಪಾಲಿಗೆ ಸರಿ. ಎನ್‌ಆರ್‌ಐ ಮಾರುವಾಗ 2025ರಲ್ಲಿ ಅನ್ವಯವಾಗುತ್ತಿದ್ದದ್ದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 195, ನಾವು ಟ್ಯಾನ್ ನಂಬರ್ (ತೆರಿಗೆ ಹಿಡಿದು ಕಟ್ಟುವವರ ಖಾತೆ ಸಂಖ್ಯೆ) ತಗೊಂಡು ಅವನ ಪಾಲಿನ ಮೇಲೆ ಹನ್ನೆರಡೂವರೆ ಪರ್ಸೆಂಟ್ ಮತ್ತು ಸೆಸ್ ಹಿಡಿಯಬೇಕಿತ್ತು, ಸುಮಾರು ನಾಲ್ಕು ಲಕ್ಷ. ಹಿಡಿಯದಿದ್ದರೆ ಇಲಾಖೆ ಬರುವುದು ಕೊಂಡವನ ಹತ್ತಿರ. ಕಡಿಮೆ ಹಿಡಿಯಲು ಸರ್ಟಿಫಿಕೇಟ್ ತರಿಸಿಕೊಳ್ಳಪ್ಪ ಅಂದರೆ ಆ ಮಗ ತಿಂಗಳುಗಟ್ಟಲೆ ಎಳೆದು ಕೊನೆಗೆ ಬೇಡ ಅಂದ. ಅವನ ಪವರ್ ಆಫ್ ಅಟಾರ್ನಿ ಕಾನ್ಸುಲೇಟಿನಿಂದ ಬರುವಷ್ಟರಲ್ಲಿ 2025ರ ಆಗಸ್ಟ್. ಅಜ್ಜಿ ಚೌತಿ ಕಳೀಲಿ ಅಂದರು. ಚೌತಿ 27ಕ್ಕೆ ಕಳೆಯಿತು, ನೋಂದಣಿ ಶುಲ್ಕ 31ರಿಂದ ಒಂದಿದ್ದದ್ದು ಎರಡು ಪರ್ಸೆಂಟ್ ಆಯಿತು. ಪಿತೃಪಕ್ಷ ಹಿಡಿಯುವ ಮೊದಲು ಓಡಿಹೋಗಿ ಸಹಿ ಹಾಕಿದೆವು. ಗಣಪತಿಗೆ ನನ್ನ ಲೆಕ್ಕದಲ್ಲಿ ಅರವತ್ತೆರಡು ಸಾವಿರದ ಕಡುಬು!

ಎರಡನೇ ಬಾಡಿಗೆ, ಓಡಾಟ, ಪೆಟ್ರೋಲು, ಉಪ್ಪು ಎಲ್ಲ ಸೇರಿ ನನ್ನ ಹುಚ್ಚಿಗೆ ಒಂದೂಮುಕ್ಕಾಲು ಲಕ್ಷದ ಆಸುಪಾಸು ಖರ್ಚಾಗಿರಬೇಕು. ಕಳೆದ ವಾರ ಭಾವ ಬಂದಿದ್ದ. ಬೆಂಗಳೂರು ಸಾಕಾಗಿದೆಯಂತೆ, ಮಕ್ಕಳ ಸಮೇತ ಇತ್ತ ಬರುವ ಯೋಚನೆಯಂತೆ. ನಿನ್ನ ಹಳೇ ಬಾಡಿಗೆ ಮನೆ ಜೂನ್‌ಗೆ ಖಾಲಿ ಇರುತ್ತಾ, ಓನರ್ ನಂಬರ್ ಕೊಡು ಅಂದ. ಕೊಟ್ಟೆ. ಹೊರಡುವಾಗ ತಕ್ಕಡಿ ಕೇಳಿದ. ಅದನ್ನು ಮಾತ್ರ ಕೊಡಲಿಲ್ಲ.